ಡೇರೆಯೊಳಗೆ ಕರಿಬೇವು, ಡ್ರೈಯರ್ ಸಾಕೆಟ್ಟಿನಿಂದ ಬೆಳಕು

ಮಕ್ಕಳೇ, ಕಳೆದ ವರ್ಷ ಒಂದು ಶಾಲೆಗೆ ಹೋಗಿದ್ದಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸಾರ್, ನಮ್ಮ ಮಾವ ಅಮೆರಿಕಾದಲ್ಲಿ ಮಿನಿಯಾಪೊಲಿಸ್ ಅನ್ನೋ ಊರಲ್ಲಿದ್ದಾರೆ. ಮನೆಯೊಳಗೇ ಡೇರೆ ಹಾಕಿ ಕರಿಬೇವು, ಮೆಂತ್ಯ ಸೊಪ್ಪು ಬೆಳೀತಾರಂತೆ. ಬಟ್ಟೆ ಒಣಗಿಸೋ ಮೆಷಿನ್ನಿನ ಪ್ಲಗ್ಗಿನಿಂದ ಅದಕ್ಕೆ ಕರೆಂಟು ಕೊಡ್ತಾರಂತೆ. ಬಟ್ಟೆ ಒಣಗಿಸೋಕೆ ಯಾಕೆ ಸಾರ್ ಪ್ಲಗ್ಗು?"

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಮನೆಗೆ ಬಂದು ಯೋಚಿಸಿದಾಗ ಅವಳ ಪ್ರಶ್ನೆಯಲ್ಲಿ ವಿಜ್ಞಾನದ ಎರಡು ಮೂರು ಪಾಠಗಳೇ ಅಡಗಿವೆ ಎನ್ನಿಸಿತು. ಜೊತೆಗೆ ಒಂದು ಅಪಾಯವೂ ಅಡಗಿದೆ. ಅದೇ ಅಪಾಯ ನಿಮ್ಮ ಮನೆಯ ಗೋಡೆಯ ಮೇಲಿನ ಸ್ವಿಚ್ ಬೋರ್ಡಿನಲ್ಲಿಯೂ ಇದೆ. ಬನ್ನಿ, ಒಂದೊಂದಾಗಿ ನೋಡೋಣ.

ಮನೆಯೊಳಗೆ ತೋಟ ಏಕೆ?

ಮಿನಿಯಾಪೊಲಿಸ್ ಅಮೆರಿಕದ ಉತ್ತರ ಭಾಗದಲ್ಲಿರುವ ನಗರ. ಡಿಸೆಂಬರ್ ತಿಂಗಳಲ್ಲಿ ಅಲ್ಲಿ ಹಗಲು ಒಂಬತ್ತು ಗಂಟೆಗಿಂತ ಕಡಿಮೆ. ನಮ್ಮ ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ 20 ನಿಮಿಷದಷ್ಟು ಇರುತ್ತದೆ. ಹಗಲು ಚಿಕ್ಕದಷ್ಟೇ ಅಲ್ಲ, ಹೊರಗೆಲ್ಲ ಹಿಮ. ನೀರು ಗಡ್ಡೆ ಕಟ್ಟುವ ಚಳಿಯಲ್ಲಿ ಕರಿಬೇವಿನಂಥ ಬೆಚ್ಚಗಿನ ನಾಡಿನ ಗಿಡ ಹೊರಗೆ ಬದುಕುವುದಿಲ್ಲ. ಅದಕ್ಕೇ ಅಲ್ಲಿರುವ ನಮ್ಮವರು ಚಳಿಗಾಲ ಬರುತ್ತಿದ್ದಂತೆ ಕರಿಬೇವಿನ ಕುಂಡವನ್ನು ಮನೆಯೊಳಗೆ ತಂದಿಡುತ್ತಾರೆ.

ಆದರೆ ಒಳಗೆ ಬೆಳಕಿಲ್ಲವಲ್ಲ! "ಟ್ಯೂಬ್‌ಲೈಟ್ ಇದೆಯಲ್ಲ ಸಾರ್" ಎನ್ನಬಹುದು ನೀವು. ನಮ್ಮ ಕಣ್ಣು ನಮಗೆ ಮೋಸ ಮಾಡುವುದು ಇಲ್ಲೇ. ಬೆಳಕನ್ನು ಅಳೆಯುವ ಒಂದು ಮಾನ ಲಕ್ಸ್. ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಅಷ್ಟೆ. ನಮ್ಮ ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಎರಡಕ್ಕೂ ಹೊಂದಿಕೊಂಡುಬಿಡುತ್ತದೆ. ಎಲೆಗೆ ಆ ಅನುಕೂಲ ಇಲ್ಲ. ದ್ಯುತಿಸಂಶ್ಲೇಷಣೆ ನಡೆಸಿ ಆಹಾರ ತಯಾರಿಸಲು ಅದಕ್ಕೆ ಸಾಕಷ್ಟು ಬೆಳಕು ಬೇಕೇ ಬೇಕು. ಎಲೆಯಲ್ಲಿರುವ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಹಸಿರು ಬೆಳಕಿನ ಒಂದಷ್ಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಎಲೆ ನಮಗೆ ಹಸಿರಾಗಿ ಕಾಣುವುದು ಆ ಕಾರಣಕ್ಕೆ.

ಹೀಗಾಗಿ ಗಿಡಗಳಿಗೆಂದೇ ಪ್ರಬಲ ದೀಪಗಳನ್ನು ತಯಾರಿಸುತ್ತಾರೆ. ಒಂದು ದೀಪವೇ 600 ವ್ಯಾಟ್, 1000 ವ್ಯಾಟ್ ಇರಬಹುದು. ಬೆಳಕು ಪೋಲಾಗದಿರಲು ಗಿಡಗಳ ಸುತ್ತ ಬಟ್ಟೆಯ ಡೇರೆ ಕಟ್ಟುತ್ತಾರೆ. ಡೇರೆಯ ಒಳಮೈ ಕನ್ನಡಿಯಂತೆ ಹೊಳೆಯುತ್ತದೆ, ಬಿದ್ದ ಬೆಳಕನ್ನು ಮತ್ತೆ ಎಲೆಗಳ ಕಡೆಗೇ ತಿರುಗಿಸುತ್ತದೆ. ದೀಪದ ಬಿಸಿಯನ್ನೂ ಎಲೆಗಳು ಹೊರಬಿಡುವ ನೀರಾವಿಯನ್ನೂ ಹೊರದಬ್ಬಲು ಒಂದು ಫ್ಯಾನು. ಕೊಠಡಿ ತೀರಾ ತಣ್ಣಗಿದ್ದರೆ ಒಂದು ಹೀಟರು.

ಬೆಳಕು ಕೊಟ್ಟು ಗಿಡ ಬೆಳೆಸುವುದು ನಮಗೂ ಹೊಸದಲ್ಲ. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದು ಜಾತ್ರೆಯಲ್ಲ, ಸೇವಂತಿಗೆ ತೋಟ! ಸೇವಂತಿಗೆ ಹೂ ಬಿಡಲು ದೀರ್ಘವಾದ ರಾತ್ರಿ ಬೇಕು. ರಾತ್ರಿ ದೀಪ ಹಚ್ಚಿದರೆ ಗಿಡ "ಇನ್ನೂ ರಾತ್ರಿ ಚಿಕ್ಕದಿದೆ" ಎಂದುಕೊಂಡು ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತದೆ. ಆಮೇಲೆ ರೈತರು ದೀಪ ನಿಲ್ಲಿಸಿ ತಮಗೆ ಬೇಕಾದ ಕಾಲಕ್ಕೆ ಹೂ ಪಡೆಯುತ್ತಾರೆ. ಆದರೆ ಅಲ್ಲಿ ಗಿಡಕ್ಕೆ ಆಹಾರ ತಯಾರಿಸಲು ಸೂರ್ಯನೇ ಇದ್ದಾನೆ, ಬಲ್ಬು ಕೊಡುವುದು ಸುಳಿವು ಮಾತ್ರ. ಆದ್ದರಿಂದ ಸಣ್ಣ ಬಲ್ಬು ಸಾಕು. ಡೇರೆಯೊಳಗೆ ದೀಪವೇ ಸೂರ್ಯ. ಅದಕ್ಕೇ ಅಷ್ಟು ವ್ಯಾಟ್ ಬೇಕಾಗುವುದು.

ಖರ್ಚು ಎಷ್ಟು ಗೊತ್ತೇ? 600 ವ್ಯಾಟ್ ದೀಪ ದಿನಕ್ಕೆ 16 ಗಂಟೆ ಉರಿದರೆ 9600 ವ್ಯಾಟ್-ಗಂಟೆ, ಅಂದರೆ 9.6 ಯೂನಿಟ್. ಮೂವತ್ತು ದಿನಕ್ಕೆ 288 ಯೂನಿಟ್! ನನ್ನನ್ನು ಕೇಳಿದರೆ ಆ ಮೆಂತ್ಯದ ಕಟ್ಟು ಬಹಳ ದುಬಾರಿಯದು. ಆದರೆ ಹಿಮದ ನಾಡಿನಲ್ಲಿ ಒಗ್ಗರಣೆಗೆ ಹಸಿ ಕರಿಬೇವು ಸಿಗುವ ಸಂತೋಷಕ್ಕೆ ನಾವು ಇಲ್ಲಿ ಕುಳಿತು ಬೆಲೆ ಕಟ್ಟುವುದು ಸರಿಯಲ್ಲ.

ವೋಲ್ಟ್, ಆಂಪಿಯರ್, ವ್ಯಾಟ್

ಈಗ ಸಾಕೆಟ್ಟಿನ ವಿಷಯ. ಊರಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರಿನ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿ ಈ ಒತ್ತಡದಂಥದ್ದನ್ನು ವಿಭವಾಂತರ ಎನ್ನುತ್ತೇವೆ, ಅದರ ಮಾನ ವೋಲ್ಟ್. ಕೊಳವೆಯಲ್ಲಿ ಸೆಕೆಂಡಿಗೆ ಎಷ್ಟು ನೀರು ಹರಿಯಿತು ಎಂಬಂತೆ ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹವನ್ನು ಆಂಪಿಯರ್‌ಗಳಲ್ಲಿ ಅಳೆಯುತ್ತೇವೆ. ಎರಡನ್ನೂ ಗುಣಿಸಿದರೆ ಸಿಗುವುದು ಸಾಮರ್ಥ್ಯ, ಅಂದರೆ ವ್ಯಾಟ್.

ವೋಲ್ಟ್ × ಆಂಪಿಯರ್ = ವ್ಯಾಟ್

ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಅಮೆರಿಕದ ಮನೆಗಳ ಸಾಮಾನ್ಯ ಸಾಕೆಟ್ಟಿನಲ್ಲಿ 120 ವೋಲ್ಟ್ ಮಾತ್ರ. ಇದಕ್ಕೊಂದು ಇತಿಹಾಸವಿದೆ. 1882ರಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕ್ ನಗರದಲ್ಲಿ ವಿದ್ಯುತ್ ಕೇಂದ್ರ ಸ್ಥಾಪಿಸಿ ಮನೆ, ಅಂಗಡಿಗಳಿಗೆ ದೀಪ ಕೊಟ್ಟಾಗ ಬಳಸಿದ್ದು ಸುಮಾರು 110 ವೋಲ್ಟ್. ಮುಂದೆ ಎಷ್ಟೋ ಬದಲಾವಣೆಗಳಾದವು, ನೇರ ವಿದ್ಯುತ್ ಹೋಗಿ ಪರ್ಯಾಯ ವಿದ್ಯುತ್ ಬಂತು. ಆದರೆ ಆ ಕಡಿಮೆ ವೋಲ್ಟೇಜ್ ಮಾತ್ರ ಹಾಗೇ ಉಳಿದುಕೊಂಡಿತು.

ಅಲ್ಲಿನ ಸಾಮಾನ್ಯ ಸಾಕೆಟ್ಟಿನ ತಂತಿ 15 ಆಂಪಿಯರ್‌ಗೆ ಮಾಡಿದ್ದು. 120 × 15 = 1800 ವ್ಯಾಟ್. ಆದರೆ ಮೂರು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಎಡೆಬಿಡದೆ ನಡೆಯುವ ಉಪಕರಣಗಳಿಗೆ ಅಲ್ಲಿ ಇನ್ನೊಂದು ನಿಯಮವಿದೆ: ಪೂರ್ತಿ ಬಳಸಬಾರದು, ನೂರಕ್ಕೆ 80 ಭಾಗ ಮಾತ್ರ. ಅಂದರೆ 1440 ವ್ಯಾಟ್. ಗಿಡದ ದೀಪ ದಿನಕ್ಕೆ ಹದಿನಾರು ಗಂಟೆ ಉರಿಯುವಂಥದ್ದು. 600 ವ್ಯಾಟ್‌ನ ಎರಡು ದೀಪ ಹಾಕಿದರೆ 1200 ಆಯಿತು. ಫ್ಯಾನಿಗೆ ಜಾಗ ಸಿಕ್ಕೀತು. 1500 ವ್ಯಾಟ್‌ನ ಹೀಟರ್ ಹಾಕಿದರೆ ಮುಗಿಯಿತು, ಲೆಕ್ಕ ತಪ್ಪಿತು. ಅದೇ ತಂತಿಯಲ್ಲಿ ಆ ಕೋಣೆಯ ಟೀವಿಯೂ ಇನ್ನೇನೋ ಇದ್ದರಂತೂ ಹೇಳುವುದೇ ಬೇಡ.

ಬಟ್ಟೆ ಒಣಗಿಸುವ ಯಂತ್ರದ ಸಾಕೆಟ್ಟು

ಹಿಮ ಬೀಳುವಾಗ ಬಟ್ಟೆಯನ್ನು ಹಗ್ಗದ ಮೇಲೆ ಹರವಿದರೆ ಅದು ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ಆದ್ದರಿಂದ ಅಲ್ಲಿನ ಬಹಳಷ್ಟು ಮನೆಗಳಲ್ಲಿ ಡ್ರೈಯರ್ ಎಂಬ ಯಂತ್ರ ಇರುತ್ತದೆ. ಅದರೊಳಗೆ ಸುಮಾರು 5000 ವ್ಯಾಟ್‌ನ ಕಾಯುವ ಸುರುಳಿ ಇದೆ. ಬಿಸಿಗಾಳಿಯಲ್ಲಿ ಬಟ್ಟೆ ತಿರುತಿರುಗಿ ಒಣಗುತ್ತದೆ. ಸಾಮಾನ್ಯ ಸಾಕೆಟ್ಟು ಇದಕ್ಕೆ ಸಾಲದು. ಅದಕ್ಕಾಗಿ ಈ ಯಂತ್ರಕ್ಕೆಂದೇ ಪ್ರತ್ಯೇಕ ದಪ್ಪ ತಂತಿ ಎಳೆದು 240 ವೋಲ್ಟ್, 30 ಆಂಪಿಯರ್‌ನ ದೊಡ್ಡ ಸಾಕೆಟ್ಟು ಹಾಕಿರುತ್ತಾರೆ. 240 × 30 = 7200 ವ್ಯಾಟ್. ಎಡೆಬಿಡದ ಬಳಕೆಗೆ 24 ಆಂಪಿಯರ್, ಅಂದರೆ 5760 ವ್ಯಾಟ್. ಸಾಮಾನ್ಯ ಸಾಕೆಟ್ಟಿನ ನಾಲ್ಕು ಪಟ್ಟು! ಗಿಡ ಬೆಳೆಸುವವರ ಕಣ್ಣು ಅದರ ಮೇಲೆ ಬೀಳುವುದು ಸಹಜ.

120 ವೋಲ್ಟ್‌ನ ಮನೆಗೆ 240 ವೋಲ್ಟ್ ಎಲ್ಲಿಂದ ಬಂತು? ಬೀದಿಯ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನಿಂದ ಅಲ್ಲಿನ ಮನೆಗೆ ಮೂರು ತಂತಿಗಳು ಬರುತ್ತವೆ. ಟ್ರಾನ್ಸ್‌ಫಾರ್ಮರ್ ಸುರುಳಿಯ ಎರಡು ತುದಿಗಳಿಂದ ಒಂದೊಂದು ತಂತಿ, ಅದರ ನಟ್ಟನಡುವಿನಿಂದ ಮೂರನೆಯದು. ನಡುವಿನದೇ ನ್ಯೂಟ್ರಲ್. ಯಾವುದೇ ಒಂದು ತುದಿಗೂ ನಡುವಿಗೂ ಮಧ್ಯೆ 120 ವೋಲ್ಟ್. ಎರಡು ತುದಿಗಳ ಮಧ್ಯೆ 240. ಇದನ್ನು ನೀವೇ ಟಾರ್ಚ್ ಸೆಲ್ಲಿನಿಂದ ಮಾಡಿ ನೋಡಬಹುದು.

ಮಾಡಿ ನೋಡಿ: 1

ಬೇಕಾಗುವ ಸಾಮಗ್ರಿ: 1.5 ವೋಲ್ಟ್‌ನ ಎರಡು ಸೆಲ್, 3 ವೋಲ್ಟ್‌ನ ಒಂದು ಟಾರ್ಚ್ ಬಲ್ಬ್, ತಂತಿ ತುಂಡುಗಳು, ಅಂಟುಪಟ್ಟಿ.

ಒಂದು ಸೆಲ್ಲಿನ ಧನ ತುದಿಗೆ ಇನ್ನೊಂದರ ಋಣ ತುದಿ ತಾಗುವಂತೆ ಸಾಲಾಗಿ ಜೋಡಿಸಿ. ಎರಡೂ ಸೆಲ್ ಕೂಡುವ ಜಾಗದಲ್ಲಿ ಒಂದು ತಂತಿ ಸಿಕ್ಕಿಸಿ. ಎರಡು ಹೊರ ತುದಿಗಳಲ್ಲಿ ಒಂದೊಂದು ತಂತಿ ಅಂಟಿಸಿ. ಈಗ ನಿಮ್ಮ ಬಳಿ ಮೂರು ತಂತಿಗಳಿವೆ, ಅಮೆರಿಕದ ಮನೆಗೆ ಬರುವ ಹಾಗೆಯೇ. ಬಲ್ಬನ್ನು ನಡುವಿನ ತಂತಿಗೂ ಒಂದು ತುದಿಗೂ ಸೇರಿಸಿ. ಮಂದವಾಗಿ ಉರಿಯಿತೇ? ನಡುವಿನದಕ್ಕೂ ಇನ್ನೊಂದು ತುದಿಗೂ ಸೇರಿಸಿ. ಅಷ್ಟೇ ಮಂದ. ಈಗ ನಡುವಿನದನ್ನು ಬಿಟ್ಟು ಎರಡೂ ತುದಿಗಳಿಗೆ ಸೇರಿಸಿ. ವ್ಯತ್ಯಾಸ ನೋಡಿದಿರಾ?

ಸೆಲ್ಲಿನದು ನೇರ ವಿದ್ಯುತ್, ಮನೆಯದು ಪರ್ಯಾಯ ವಿದ್ಯುತ್. ಆದರೂ ಒಂದೂವರೆ ಮತ್ತು ಒಂದೂವರೆ ಸೇರಿ ಮೂರಾದಂತೆಯೇ ಅಲ್ಲಿ 120 ಮತ್ತು 120 ಸೇರಿ 240 ಆಗುತ್ತದೆ.

ವೋಲ್ಟ್ ಹೆಚ್ಚಿದ್ದರೆ ಇನ್ನೊಂದು ಲಾಭವಿದೆ. 1000 ವ್ಯಾಟ್‌ನ ದೀಪಕ್ಕೆ 120 ವೋಲ್ಟ್‌ನಲ್ಲಿ ಸುಮಾರು 8.3 ಆಂಪಿಯರ್ ಬೇಕು. ಎರಡೂ ವೋಲ್ಟೇಜಿಗೆ ಹೊಂದುವ ಅದೇ ದೀಪವನ್ನು 240ಕ್ಕೆ ಹಾಕಿದರೆ ಸುಮಾರು 4.2 ಆಂಪಿಯರ್ ಸಾಕು. ಪ್ರವಾಹ ಅರ್ಧವಾಯಿತು. ತಂತಿಯಲ್ಲಿ ಹುಟ್ಟುವ ಶಾಖವೂ ಅರ್ಧವಾಯಿತೇ? ಇಲ್ಲ, ಕಾಲು ಭಾಗವಾಯಿತು! ಇಂಗ್ಲೆಂಡಿನ ವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೂಲ್ 1841ರಲ್ಲಿ ಪ್ರಕಟಿಸಿದ ನಿಯಮ ಇದು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ತಂತಿ ತೆಳುವಾಗಿದ್ದಷ್ಟೂ ಅದರ ರೋಧ ಹೆಚ್ಚು, ಶಾಖವೂ ಹೆಚ್ಚು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಎಂಸಿಬಿ ಯಾರನ್ನು ಕಾಯುತ್ತದೆ?

ಎರಡು ತಿಂಗಳ ಬಳಿಕ ಅದೇ ಶಾಲೆಗೆ ಮತ್ತೆ ಹೋದೆ. "ಮಾವ ಆ ದೊಡ್ಡ ಸಾಕೆಟ್ಟಿನಿಂದ ಡೇರೆಗೆ ಹೇಗೆ ಸಂಪರ್ಕ ಕೊಟ್ಟಿದ್ದಾರೆ, ಕೇಳಿದೆಯಾ?" ಎಂದೆ. "ಹೂಂ ಸಾರ್. ದೊಡ್ಡ ಪ್ಲಗ್ಗನ್ನ ಚಿಕ್ಕ ಪ್ಲಗ್ಗಿಗೆ ಹೊಂದಿಸೋ ಒಂದು ಕನ್ವರ್ಟರ್ ತಂದಿದ್ದಾರಂತೆ. ಅದಕ್ಕೊಂದು ಬೋರ್ಡು ಹಾಕಿ ದೀಪ ಎಲ್ಲ ಸಿಕ್ಕಿಸಿದ್ದಾರಂತೆ. 30 ಆಂಪಿಯರ್ ಇದೆ, ಇವೆಲ್ಲ ಸೇರಿದರೂ ಹತ್ತೂ ಆಗಲ್ಲ, ಏನೂ ಭಯ ಇಲ್ಲ ಅಂದರು."

ನನಗೆ ಭಯವಾಯಿತು. ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿದ್ದೆ.

ಆಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಒಂದು ವಿಜ್ಞಾನ ವಸ್ತುಪ್ರದರ್ಶನದಲ್ಲಿ "ಬೆಳಕಿನ ಕಡೆಗೆ ಬಾಗುವ ಸಸಿ" ತೋರಿಸಲು ಗಣಪತಿ ಪೆಂಡಾಲಿಗೆ ಕಟ್ಟುವಂಥ 500 ವ್ಯಾಟ್‌ನ ಎರಡು ಹ್ಯಾಲೊಜೆನ್ ದೀಪ ತಂದಿದ್ದೆ. ಸಭಾಂಗಣದಲ್ಲಿ ಇದ್ದದ್ದು 15 ಆಂಪಿಯರ್‌ನ ಒಂದೇ ಪವರ್ ಪ್ಲಗ್ಗು. ದೂರದಲ್ಲಿತ್ತು. ಅಲ್ಲಿಂದ ತೆಳುವಾದ ಅವಳಿ ತಂತಿಯ ಎಕ್ಸ್‌ಟೆನ್ಷನ್ ಬೋರ್ಡು ಎಳೆದೆ. ಉಳಿದ ತಂತಿಯನ್ನು ಯಾರೂ ಎಡವದಿರಲಿ ಎಂದು ನೀಟಾಗಿ ಸುರುಳಿ ಸುತ್ತಿ ಮೇಜಿನ ಬಟ್ಟೆಯ ಕೆಳಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಪಕ್ಕದ ಮೇಜಿನವರು ಬಂದು ತಮ್ಮ 1000 ವ್ಯಾಟ್‌ನ ನೀರು ಕಾಯಿಸುವ ಕಾಯಿಲ್ಲನ್ನೂ ಅದೇ ಬೋರ್ಡಿಗೆ ಹಾಕಿಕೊಂಡರು. ಹಾಕಿಕೊಳ್ಳಲಿ ಎಂದೆ, ಹದಿನೈದು ಆಂಪಿಯರ್ ಇದೆಯಲ್ಲ!

ಒಟ್ಟು 2000 ವ್ಯಾಟ್. 2000 ÷ 230 = ಸುಮಾರು 8.7 ಆಂಪಿಯರ್. ಹದಿನೈದಕ್ಕಿಂತ ಎಷ್ಟೋ ಕಡಿಮೆ. ಫ್ಯೂಸ್ ಸುಮ್ಮನಿತ್ತು. ಅರ್ಧ ಗಂಟೆಯ ನಂತರ ಕೆಟ್ಟ ವಾಸನೆ ಬಂತು. ಬಟ್ಟೆ ಎತ್ತಿ ನೋಡಿದರೆ ತಂತಿಯ ಸುರುಳಿ ಕರಗಿ ಬೆಲ್ಲದ ಪಾಕದಂತೆ ಒಂದಕ್ಕೊಂದು ಅಂಟಿಕೊಂಡಿತ್ತು, ಮೇಜಿನ ಬಟ್ಟೆ ಕಂದಿತ್ತು. ಓಡಿ ಹೋಗಿ ಸ್ವಿಚ್ ಆರಿಸಿದೆ. ಇನ್ನೈದು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೋ! ಸುತ್ತ ಇದ್ದದ್ದೆಲ್ಲ ರಟ್ಟು, ಥರ್ಮಕೋಲು, ಮತ್ತು ನಿಮ್ಮ ವಯಸ್ಸಿನ ಮಕ್ಕಳು.

ಎಂಎಸ್ಸಿ ಓದಿದ್ದ ನನಗೆ ಅಂದು ಅರ್ಥವಾಗದಿದ್ದದ್ದು ಇಷ್ಟೇ. ಫ್ಯೂಸಾಗಲಿ ಎಂಸಿಬಿಯಾಗಲಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ನಾನು ಹೊರಗೆ ಸಿಕ್ಕಿಸಿದ ತಂತಿ ಎಷ್ಟು ತೆಳುವಾಗಿದೆ ಎಂಬುದು ಅದಕ್ಕೆ ತಿಳಿಯದು. ಹದಿನೈದು ದಾಟಿದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಗೋಡೆಯೊಳಗಿನ ದಪ್ಪ ತಂತಿಗೆ 8.7 ಆಂಪಿಯರ್ ಏನೂ ಅಲ್ಲ. ನನ್ನ ತೆಳು ತಂತಿ ತಾಳುತ್ತಿದ್ದದ್ದು ನಾಲ್ಕೈದು ಆಂಪಿಯರ್ ಅಷ್ಟೆ. ಪ್ರವಾಹ ಅದರ ಎರಡು ಪಟ್ಟಿನ ಹತ್ತಿರ ಬಂದಾಗ ಜೂಲ್ ನಿಯಮದಂತೆ ಶಾಖ ನಾಲ್ಕು ಪಟ್ಟಿನ ಹತ್ತಿರ ಹೋಯಿತು. ಸುರುಳಿ ಸುತ್ತಿದ್ದರಿಂದ ಆ ಶಾಖ ಹೊರಹೋಗಲು ದಾರಿಯೂ ಇರಲಿಲ್ಲ.

ಈಗ ಡ್ರೈಯರ್ ಸಾಕೆಟ್ಟನ್ನು ನೋಡಿ. ಅಲ್ಲಿನ ಕಾವಲುಗಾರ ಎಚ್ಚರಗೊಳ್ಳುವುದು 30 ಆಂಪಿಯರ್ ದಾಟಿದಾಗ. ಅದಕ್ಕೆ ತಕ್ಕಂತೆ ಗೋಡೆಯೊಳಗೆ 5.26 ಚದರ ಮಿ.ಮೀ. ಅಡ್ಡಕೊಯ್ತದ ತಾಮ್ರದ ತಂತಿ ಇದೆ. ಅಲ್ಲಿನ 15 ಆಂಪಿಯರ್ ಸಾಕೆಟ್ಟಿನ ತಂತಿ 2.08 ಚದರ ಮಿ.ಮೀ. ಮಾತ್ರ. ದೀಪದ ಜೊತೆ ಬರುವ ತಂತಿ ಸಾಮಾನ್ಯವಾಗಿ ಇನ್ನೂ ತೆಳು. ಕನ್ವರ್ಟರ್ ಸಿಕ್ಕಿಸಿ ಆ ತೆಳು ತಂತಿಯನ್ನು 30 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಎಲ್ಲ ಸರಿಯಿರುವವರೆಗೆ ಸರಿ. ದೀಪದಲ್ಲೋ ಫ್ಯಾನಿನಲ್ಲೋ ದೋಷ ಉಂಟಾಗಿ 20 ಆಂಪಿಯರ್ ಹರಿಯತೊಡಗಿತು ಎನ್ನಿ. ಕಾವಲುಗಾರನಿಗೆ ಅದು ಮಾಮೂಲಿ ಪ್ರವಾಹ. ತೆಳು ತಂತಿಗೆ ಅದು ಬೆಂಕಿ.

ಹಾಗಾದರೆ ಡ್ರೈಯರ್ ಸಾಕೆಟ್ಟನ್ನು ಬಳಸಲೇಬಾರದೇ? ಬಳಸಬಹುದು, ನಡುವೆ ಒಂದು ಚಿಕ್ಕ ಪೆಟ್ಟಿಗೆ ಇರಬೇಕು. ದೊಡ್ಡ ಸಾಕೆಟ್ಟಿನಿಂದ ಅಷ್ಟೇ ದಪ್ಪದ ತಂತಿ ಆ ಪೆಟ್ಟಿಗೆಗೆ ಬರುತ್ತದೆ. ಪೆಟ್ಟಿಗೆಯೊಳಗೆ 15 ಅಥವಾ 20 ಆಂಪಿಯರ್‌ನ ಚಿಕ್ಕ ಚಿಕ್ಕ ಬ್ರೇಕರುಗಳು. ಒಂದೊಂದು ಬ್ರೇಕರಿನಿಂದ ಅದಕ್ಕೆ ತಕ್ಕ ತಂತಿ, ಅದಕ್ಕೆ ತಕ್ಕ ಸಾಕೆಟ್ಟು. 240 ವೋಲ್ಟ್‌ನ ದೀಪಕ್ಕೆ ಎರಡು ತುದಿಗಳಿಂದ, 120 ವೋಲ್ಟ್‌ನ ಫ್ಯಾನಿಗೆ ಒಂದು ತುದಿ ಮತ್ತು ನ್ಯೂಟ್ರಲ್‌ನಿಂದ ಸಂಪರ್ಕ. ದೊಡ್ಡ ಕಾಲುವೆಯಿಂದ ತೂಬಿನ ಮೂಲಕ ಚಿಕ್ಕ ಕಾಲುವೆಗೆ ನೀರು ಬಿಡುತ್ತಾರಲ್ಲ, ಹಾಗೆ. ತೂಬು ಇಲ್ಲದೆ ದೊಡ್ಡ ಕಾಲುವೆಯನ್ನು ಬದುವಿಗೆ ತಿರುಗಿಸಿದರೆ ಬದು ಒಡೆಯುತ್ತದೆ. ಇನ್ನೊಂದು ಮಾತು, ಡೇರೆ ಉರಿಯುತ್ತಿರುವಾಗ ಅದೇ ಸಾಕೆಟ್ಟಿನಲ್ಲಿ ಬಟ್ಟೆ ಒಣಗಿಸುವಂತಿಲ್ಲ. ಎರಡರಲ್ಲಿ ಒಂದು.

ಈ ಚಿತ್ರವನ್ನು ಹುಡುಗಿಯ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟು "ಮಾವನಿಗೆ ತೋರಿಸು" ಎಂದೆ. ಅವಳು ಅದರ ಫೋಟೊ ಕಳಿಸಿದಳಂತೆ. ಮಾವ ಅಲ್ಲಿನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಆತ ಕನ್ವರ್ಟರನ್ನು ಕಿತ್ತು ಬುಟ್ಟಿಗೆ ಹಾಕಿ ಪೆಟ್ಟಿಗೆ ಕೂರಿಸಿಕೊಟ್ಟರಂತೆ. ಬೋರ್ಡಿನ ತಂತಿ ಒಂದು ಕಡೆ ಆಗಲೇ ಮೆತ್ತಗಾಗಿತ್ತು ಎಂದು ಅವಳು ಹೇಳಿದಾಗ ತರಗತಿಯಲ್ಲಿ ಯಾರೂ ನಗಲಿಲ್ಲ.

ನಮ್ಮ ಗೋಡೆಯ ಎರಡು ಸಾಕೆಟ್ಟುಗಳು

ನಮ್ಮ ಮನೆಗಳಲ್ಲಿ ಡ್ರೈಯರ್ ಸಾಕೆಟ್ಟು ಇಲ್ಲ. ಆದರೆ ಚಿಕ್ಕದು ದೊಡ್ಡದು ಎಂಬ ಎರಡು ಬಗೆ ಇವೆ. ದೊಡ್ಡವರು ಈಗಲೂ ಐದು ಆಂಪಿಯರ್, ಹದಿನೈದು ಆಂಪಿಯರ್ ಎನ್ನುತ್ತಾರೆ. ಈಗಿನ ಸಾಕೆಟ್ಟಿನ ಮೇಲೆ 6 ಮತ್ತು 16 ಎಂದು ಬರೆದಿರುತ್ತದೆ. 230 × 6 = 1380 ವ್ಯಾಟ್. 230 × 16 = 3680 ವ್ಯಾಟ್. ಚಿಕ್ಕದು ಟೀವಿ, ಟೇಬಲ್ ಫ್ಯಾನು, ಮೊಬೈಲ್ ಚಾರ್ಜರುಗಳಿಗೆ. ದೊಡ್ಡದು ಗೀಸರ್, ನೀರೆತ್ತುವ ಮೋಟರುಗಳಿಗೆ. ದೊಡ್ಡ ಪ್ಲಗ್ಗಿನ ಕಡ್ಡಿಗಳು ದಪ್ಪ. ಚಿಕ್ಕ ಸಾಕೆಟ್ಟಿಗೆ ಅವು ತೂರದಂತೆ ಬೇಕೆಂದೇ ಹಾಗೆ ಮಾಡಿದ್ದಾರೆ.

ಆದರೆ ನಾವು ಸುಮ್ಮನಿರುತ್ತೇವೆಯೇ? ಅಂಗಡಿಯಿಂದ ಕನ್ವರ್ಷನ್ ಪ್ಲಗ್ ತಂದು ದೊಡ್ಡದನ್ನು ಚಿಕ್ಕದಕ್ಕೆ, ಚಿಕ್ಕದನ್ನು ದೊಡ್ಡದಕ್ಕೆ ಹೊಂದಿಸುತ್ತೇವೆ. ನೀರು ಕಾಯಿಸುವ ಕಾಯಿಲ್ಲನ್ನು ಚಿಕ್ಕ ಸಾಕೆಟ್ಟಿಗೆ ಹಾಕಿದರೆ ಒಂದು ಬಗೆಯ ಅಪಾಯ. ತೆಳು ತಂತಿಯ ಎಕ್ಸ್‌ಟೆನ್ಷನ್ ಬೋರ್ಡನ್ನು 16 ಆಂಪಿಯರ್‌ಗೆ ಹಾಕಿ ಅದಕ್ಕೆ ನಾಲ್ಕು ಸಾಮಾನು ಸಿಕ್ಕಿಸಿದರೆ ಇನ್ನೊಂದು ಬಗೆಯದು. ಎರಡನೆಯದರಲ್ಲಿ ಎಂಸಿಬಿ ಬೀಳುವುದೇ ಇಲ್ಲವಾದ್ದರಿಂದ ಜನ ಅದನ್ನೇ ಸುರಕ್ಷಿತ ಎಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದೇ ಹೆಚ್ಚು ಅಪಾಯದ್ದು. ಫ್ಯೂಸ್ ಹೋದಾಗಲೆಲ್ಲ ದಪ್ಪ ತಾಮ್ರದ ಎಳೆ ಸುತ್ತುವುದೂ ಇದೇ ಜಾತಿಯ ಕೆಲಸ.

ಮಾಡಿ ನೋಡಿ: 2

ಇದನ್ನು ಶಿಕ್ಷಕರ ಎದುರಿನಲ್ಲೇ ಮಾಡಿ. ಟಾರ್ಚ್ ಸೆಲ್ ಮಾತ್ರ ಬಳಸಿ. ಮೊಬೈಲ್ ಬ್ಯಾಟರಿ, ವಾಹನದ ಬ್ಯಾಟರಿ, ಗೋಡೆಯ ವಿದ್ಯುತ್ ಖಂಡಿತ ಬೇಡ.

ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಕೂದಲಿನಂಥ ಒಂದೇ ಒಂದು ಎಳೆ ತೆಗೆದುಕೊಳ್ಳಿ. ಅದರ ಒಂದು ತುದಿಗೆ ದಪ್ಪ ತಾಮ್ರದ ತಂತಿ ಸುತ್ತಿ. ಎಳೆಯನ್ನು ಹಂಚಿನ ಅಥವಾ ಟೈಲ್ಸಿನ ತುಂಡಿನ ಮೇಲೆ ಇಡಿ, ಹತ್ತಿರ ಕಾಗದ ಇರದಿರಲಿ. ಎಳೆ ಮತ್ತು ತಾಮ್ರ ಎರಡರ ಮೂಲಕವೂ ಪ್ರವಾಹ ಹರಿಯುವಂತೆ ಅವುಗಳ ಹೊರ ತುದಿಗಳನ್ನು ಸೆಲ್ಲಿನ ಎರಡು ತುದಿಗಳಿಗೆ ತಂತಿಯಿಂದ ಸೇರಿಸಿ. ಎರಡು ಸೆಕೆಂಡಿಗಿಂತ ಹೆಚ್ಚು ಬೇಡ.

ಎಳೆ ಕೆಂಪಗಾಗಿ ತುಂಡಾಗಬಹುದು. ತಾಮ್ರದ ತಂತಿಗೆ ಏನೂ ಆಗಿರುವುದಿಲ್ಲ. ಎರಡರಲ್ಲೂ ಹರಿದದ್ದು ಒಂದೇ ಪ್ರವಾಹ! ಒಂದರ ನಂತರ ಒಂದು ಇರುವ ದಾರಿಯಲ್ಲಿ ಪ್ರವಾಹ ಬೇರೆ ಬೇರೆ ಆಗಲು ಸಾಧ್ಯವಿಲ್ಲವಲ್ಲ. ದಪ್ಪ ತಂತಿ ಗೋಡೆಯೊಳಗಿನದು, ತೆಳು ಎಳೆ ನನ್ನ ಎಕ್ಸ್‌ಟೆನ್ಷನ್ ಬೋರ್ಡಿನದು ಎಂದು ಭಾವಿಸಿ ನೋಡಿ.

ನೀರು ಮತ್ತು ನಾಲ್ಕನೆಯ ರಂಧ್ರ

ಗಿಡವಿದ್ದಲ್ಲಿ ನೀರು ಇರುತ್ತದೆ. ದೀಪದ ತಂತಿಯ ಮೇಲೆ ಬಿದ್ದ ಹನಿ ಜಾರುತ್ತಾ ಜಾರುತ್ತಾ ಸಾಕೆಟ್ಟಿನೊಳಕ್ಕೇ ಹೋಗಬಹುದು. ಇದನ್ನು ತಪ್ಪಿಸಲು ಒಂದು ಸರಳ ಉಪಾಯವಿದೆ. ತಂತಿಯನ್ನು ಸಾಕೆಟ್ಟಿಗಿಂತ ಕೆಳಕ್ಕೆ ಜೋಲುಬಿಟ್ಟು ಮತ್ತೆ ಮೇಲಕ್ಕೆ ಒಯ್ದು ಸಿಕ್ಕಿಸುವುದು. ಹನಿ ಜೋಲಿನ ತಳಕ್ಕೆ ಬಂದು ಅಲ್ಲೇ ನೆಲಕ್ಕೆ ಉದುರುತ್ತದೆ, ಮೇಲಕ್ಕೆ ಹತ್ತುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಮನೆಗೆ ಬರುವ ಕೇಬಲ್ ಟೀವಿಯ ತಂತಿ ಹೇಗೆ ಒಳಗೆ ಬಂದಿದೆ ಎಂದು ಒಮ್ಮೆ ನೋಡಿ.

ಡ್ರೈಯರ್ ಸಾಕೆಟ್ಟಿನಲ್ಲಿಯೂ ಎರಡು ಬಗೆಗಳಿವೆ. ಹಳೆಯ ಮನೆಗಳದಕ್ಕೆ ಮೂರು ರಂಧ್ರ: ಎರಡು ತುದಿ, ಒಂದು ನ್ಯೂಟ್ರಲ್. ಯಂತ್ರದ ಲೋಹದ ಮೈಗೂ ಆ ನ್ಯೂಟ್ರಲನ್ನೇ ಸೇರಿಸುತ್ತಿದ್ದರು. ನ್ಯೂಟ್ರಲ್ ಎಲ್ಲಾದರೂ ತುಂಡಾದರೆ ಯಂತ್ರದ ಮೈಯಲ್ಲೇ ವಿದ್ಯುತ್! ಆದ್ದರಿಂದ 1996ರ ಅಮೆರಿಕದ ವಿದ್ಯುತ್ ನಿಯಮಾವಳಿಯ ನಂತರ ಹೊಸ ಮನೆಗಳಲ್ಲಿ ನಾಲ್ಕು ರಂಧ್ರಗಳ ಸಾಕೆಟ್ಟು ಬಂತು. ನಾಲ್ಕನೆಯದು ಭೂಸಂಪರ್ಕ, ನಾವು ಅರ್ಥಿಂಗ್ ಎನ್ನುವುದು. ನೀರು ಬಳಸುವ ಡೇರೆಗೆ ಮೂರು ರಂಧ್ರದ ಸಾಕೆಟ್ಟು ತಕ್ಕದ್ದಲ್ಲ.

ನಮ್ಮ ಮೂರು ಕಡ್ಡಿಯ ಪ್ಲಗ್ಗನ್ನು ನೋಡಿ. ಮೇಲಿನ ಕಡ್ಡಿ ಉಳಿದೆರಡಕ್ಕಿಂತ ಉದ್ದ ಮತ್ತು ದಪ್ಪ. ಅದೇ ಭೂಸಂಪರ್ಕದ್ದು. ಉದ್ದ ಏಕೆ? ಪ್ಲಗ್ ತೂರಿಸುವಾಗ ವಿದ್ಯುತ್ ಬರುವ ಮೊದಲೇ ಭೂಸಂಪರ್ಕ ಆಗಲಿ, ತೆಗೆಯುವಾಗ ಅದು ಕೊನೆಯಲ್ಲಿ ಬಿಡಲಿ ಎಂದು. ಆ ಕಡ್ಡಿಯನ್ನು ಕಿತ್ತು ಬಳಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಎಂಸಿಬಿ ಇದೆಯಲ್ಲ, ಶಾಕ್ ಹೊಡೆದರೆ ಅದು ಬೀಳುತ್ತದೆ ಎಂದು ನಂಬಬೇಡಿ. ಅದು ಬೀಳಲು ಹಲವು ಆಂಪಿಯರ್ ಬೇಕು. ಮನುಷ್ಯನ ಹೃದಯಕ್ಕೆ ಒಂದು ಆಂಪಿಯರ್‌ನ ಹತ್ತನೆಯ ಒಂದು ಭಾಗವೂ ಮಾರಕವಾಗಬಲ್ಲದು. ಮನುಷ್ಯರನ್ನು ಕಾಯಲು ಬೇರೆಯದೇ ಸಾಧನವಿದೆ. ಎಲೆಕ್ಟ್ರಿಷಿಯನ್ನರು ಅದನ್ನು ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ ಎನ್ನುತ್ತಾರೆ. ಹೋದ ಪ್ರವಾಹ ಪೂರ್ತಿ ಹಿಂದಿರುಗಿ ಬಂತೇ ಎಂದು ಅದು ಲೆಕ್ಕ ನೋಡುತ್ತಿರುತ್ತದೆ. ನಮ್ಮ ಮನೆಗಳಲ್ಲಿ ಬಳಸುವಂಥದ್ದು 30 ಮಿಲಿ ಆಂಪಿಯರ್‌ನಷ್ಟು ಸೋರಿದರೂ ಕೂಡಲೇ ಸಂಪರ್ಕ ಕಡಿಯುತ್ತದೆ. ಅದರ ಮೇಲೆ ಟಿ ಎಂಬ ಅಕ್ಷರದ ಒಂದು ಚಿಕ್ಕ ಪರೀಕ್ಷಾ ಗುಂಡಿ ಇರುತ್ತದೆ. ನಿಮ್ಮ ಶಾಲೆಯ ಮೀಟರ್ ಬೋರ್ಡಿನಲ್ಲಿ ಅದು ಇದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ನೀವು ಮಾತ್ರ ಒತ್ತಬೇಡಿ.

ಲೆಕ್ಕ ಮಾಡಿ, ಯೋಚಿಸಿ

1. ಮಿನಿಯಾಪೊಲಿಸ್‌ನ ಮಾವನ ಡೇರೆಯಲ್ಲಿ 600 ವ್ಯಾಟ್‌ನ ಎರಡು ದೀಪ, 150 ವ್ಯಾಟ್‌ನ ಫ್ಯಾನು, 1500 ವ್ಯಾಟ್‌ನ ಹೀಟರ್ ಇವೆ. ಒಟ್ಟು ಎಷ್ಟು ವ್ಯಾಟ್? ಇದು 5760ರೊಳಗೆ ಇದೆಯೇ?

2. ನಿಮ್ಮ ಮನೆಯ ಇಸ್ತ್ರಿಪೆಟ್ಟಿಗೆಯ ಮೇಲೆ ಬರೆದಿರುವ ವ್ಯಾಟನ್ನು ಓದಿ 230ರಿಂದ ಭಾಗಿಸಿ. ಎಷ್ಟು ಆಂಪಿಯರ್ ಬಂತು? ಅದನ್ನು ಯಾವ ಸಾಕೆಟ್ಟಿಗೆ ಹಾಕುತ್ತಿದ್ದಾರೆ?

3. ಎಕ್ಸ್‌ಟೆನ್ಷನ್ ಬೋರ್ಡಿನ ಹಿಂಬದಿಯಲ್ಲಿ ಎಷ್ಟು ಆಂಪಿಯರ್ ಎಂದು ಬರೆದಿದೆ? ಪ್ಲಗ್ಗನ್ನು ದೊಡ್ಡವರಿಂದ ಗೋಡೆಯಿಂದ ತೆಗೆಸಿದ ನಂತರವೇ ತಿರುಗಿಸಿ ನೋಡಿ. ಏನೂ ಬರೆದಿಲ್ಲದಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ.

4. ಒಂದು ಮನೆಯಲ್ಲಿ 16 ಆಂಪಿಯರ್ ಎಂಸಿಬಿ ಆಗಾಗ ಬೀಳುತ್ತಿತ್ತು. ಯಜಮಾನರು ತಂತಿ ಬದಲಿಸದೆ 32 ಆಂಪಿಯರ್‌ನ ಎಂಸಿಬಿ ತಂದು ಹಾಕಿದರು. ಈಗ ಅದು ಬೀಳುತ್ತಿಲ್ಲ. ಅವರಿಗೆ ನೀವು ಏನು ಹೇಳುವಿರಿ?